ಚಿಕ್ಕತ್ತೆಗೆ ನಾನು ಹೇಳಿದ ಹೌದು

ಅತ್ತೆಯ ಕಷಾಯಕ್ಕೆ ನಾನು ಅವರಿಗೆ ತಿಳಿಯದ ಹಾಗೆ ಮಾತ್ರೆ ಬೆರೆಸುತ್ತಿದ್ದೆ. ಅದು ಒಂದು ತಪ್ಪು. ಆ ವಿಷಯವನ್ನು ಹೇಳಲೇಬೇಕಾಗಿದ್ದ ಇನ್ನೊಬ್ಬರಿಗೆ ಸುಳ್ಳು ಹೇಳಿದೆ — ಅವರು ಈಗ ಇಲ್ಲ.

ಮದುವೆಯಾಗಿ ಚೆನ್ನೈಗೆ ಬಂದಾಗಿನಿಂದ ನಾನಿರುವುದು ಕೋಡಂಬಾಕ್ಕಂನ ಈ ಮನೆಯಲ್ಲೇ. ಅತ್ತೆಗೆ ಕೊಲೆಸ್ಟ್ರಾಲ್ ಹೆಚ್ಚಾಗಿದೆ ಎಂದು ಗೊತ್ತಾದಾಗ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಅತ್ತೆ ಮುಟ್ಟಲಿಲ್ಲ. ಮಾವ ಹಿಡಿಗಟ್ಟಲೆ ಮಾತ್ರೆ ನುಂಗಿಯೂ ಉಳಿಯಲಿಲ್ಲ ಎಂಬ ಸಂಕಟ ಅವರದು. "ಇಂಗ್ಲಿಷ್ ಮರುಂದು ನನಗೆ ಬೇಡಮ್ಮ" ಎಂದು ನಾಟಿ ಔಷಧಿ ಅಂಗಡಿಯಿಂದ ಮರುದಂಪಟ್ಟೆ ತರಿಸಿದರು — ನಾವು ಮತ್ತಿಯ ಚಕ್ಕೆ ಎನ್ನುತ್ತೇವಲ್ಲ, ಅದೇ. ಮೆಂತ್ಯ, ಶುಂಠಿ ಸೇರಿಸಿ ಅದನ್ನು ದಿನಾ ಬೆಳಿಗ್ಗೆ ಕುದಿಸಿ ಕೊಡುವುದು ನನ್ನ ಕೆಲಸವಾಯಿತು.

ನನಗೆ ಹೆದರಿಕೆ. ಮಣಲಿಯ ಕಾರ್ಖಾನೆಯಿಂದ ದಣಿದು ಬರುವ ನನ್ನ ಗಂಡ, ಅಮ್ಮನ ಹತ್ತಿರ ವಾದ ಮಾಡಲು ತನ್ನಿಂದಾಗದು ಎಂದುಬಿಟ್ಟರು. ಒಂದು ದಿನ ನಾನೇ ಮಾತ್ರೆಯನ್ನು ಚಮಚದಲ್ಲಿ ಅರೆದು ಲೋಟಕ್ಕೆ ಹಾಕಿದೆ. ಆ ಒಗರಿನಲ್ಲಿ ಏನು ಬೆರೆಸಿದರೂ ತಿಳಿಯುತ್ತಿರಲಿಲ್ಲ. ಮರುದಿನವೂ ಹಾಕಿದೆ. ಆಮೇಲೆ ಸಾರಿಗೆ ಉಪ್ಪು ಹಾಕುವಷ್ಟು ಸಲೀಸಾಯಿತು.

ಮುಂದಿನ ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಇಳಿದಿತ್ತು. ಮನೆಗೆ ಬಂದವರಿಗೆಲ್ಲ ಅತ್ತೆ ಕಷಾಯದ ಮಹಿಮೆ ಹೇಳಿದರು, ಜೊತೆಗೆ ನನ್ನ ಕೈಗುಣವನ್ನೂ ಹೊಗಳಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ನನಗೆ — ಹೇಳಲು ನಾಚಿಕೆ — ತುಂಬ ಹಿತವಾಗಿತ್ತು.

ಅತ್ತೆಯ ತಂಗಿ, ನಮ್ಮ ಚಿಕ್ಕತ್ತೆ, ಇರುತ್ತಿದ್ದುದು ಪೆರಂಬೂರಿನಲ್ಲಿ, ಮಗಳು ವಸುಧಾಳ ಜೊತೆ. ಅವರಿಗೂ ಇದೇ ಕಾಯಿಲೆ. ಆದರೆ ಮಾತ್ರೆ ತಪ್ಪಿಸುತ್ತಿರಲಿಲ್ಲ. ಒಂದು ಶನಿವಾರ ಅಕ್ಕನನ್ನು ನೋಡಲು ಬಂದರು. ಅತ್ತೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮಾತ್ರೆಗಳನ್ನೆಲ್ಲ ಬಿಸಾಡು, ನನ್ನ ನೋಡು ಎಂದು ಬೋಧಿಸಿದರು. ಚಿಕ್ಕತ್ತೆ ನಕ್ಕರು. ಆಮೇಲೆ ಒಬ್ಬರೇ ಅಡಿಗೆಮನೆಗೆ ಬಂದು ನನ್ನ ಹತ್ತಿರ ನಿಂತರು.

"ಅಕ್ಕನ ಮಾತು ಬಿಡು, ನೀನು ಓದಿದವಳು. ನಿಜವಾಗಿಯೂ ಕಷಾಯದಿಂದಲೇ ಇಳಿಯಿತಾ?"

ಅತ್ತೆ ಹಾಲ್‌ನಲ್ಲಿ ಹೂ ಕಟ್ಟುತ್ತಿದ್ದರು. ಪಿಸುಮಾತಿನಲ್ಲಿ ಹೇಳಬಹುದಿತ್ತು. ಬಾಲ್ಕನಿಗೆ ಕರೆದುಕೊಂಡು ಹೋಗಿಯಾದರೂ —

"ಹೌದು ಚಿಕ್ಕತ್ತೆ, ಕಷಾಯದಿಂದಲೇ" ಎಂದೆ.

ಹೊರಡುವಾಗ ಅವರ ಚೀಲದಲ್ಲಿ ಚಕ್ಕೆಯ ಪೊಟ್ಟಣವಿತ್ತು. ನಾಳೆ ಫೋನ್ ಮಾಡಿ ಹೇಳೋಣ ಅಂದುಕೊಂಡೆ. ಮಾಡಿದೆ ಕೂಡ — ಆದರೆ ಮಾತು ವಸುಧಾಳ ಆಫೀಸು, ಪೆರಂಬೂರಿನ ನೀರಿನ ಲಾರಿ, ಹೀಗೆ ಎಲ್ಲೆಲ್ಲಿಗೋ ಹೋಯಿತು. ಆಮೇಲೆ ಒಂದು ಹಬ್ಬ ಬಂತು, ಇನ್ನೊಂದು ಬಂತು. ಚಿಕ್ಕತ್ತೆ ಗೆಲುವಾಗಿಯೇ ಇದ್ದರು. ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಧನುರ್ಮಾಸದ ಒಂದು ಬೆಳಿಗ್ಗೆ ವಸುಧಾಳ ಫೋನ್ ಬಂತು. ಪೂಜೆಗೆ ಕೂತಿದ್ದ ಚಿಕ್ಕತ್ತೆ ಎದೆ ಹಿಡಿದುಕೊಂಡು ಒರಗಿದರಂತೆ. ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟಿದ್ದರು. ನಾವು ಹೋದಾಗ ವಸುಧಾ ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು. ಮಾತ್ರೆ ನಿಲ್ಲಿಸಿದ ಮೇಲೆ ನೀವು ಹೇಳಿದ ಕಷಾಯವನ್ನು ಅಮ್ಮ ಒಂದು ದಿನವೂ ಬಿಡಲಿಲ್ಲ ಅತ್ತಿಗೆ ಎಂದು ತಮಿಳಿನಲ್ಲಿ ಹೇಳುತ್ತಲೇ ಇದ್ದಳು. ನಾನು ಅವಳ ಬೆನ್ನು ಸವರುತ್ತ ನಿಂತಿದ್ದೆ.

ಮಾತ್ರೆ ಬಿಡದಿದ್ದರೆ ಉಳಿಯುತ್ತಿದ್ದರೇ? ಯಾರಿಗೂ ತಿಳಿಯದು. ಆ ಅನುಮಾನದ ಮರೆಯಲ್ಲೇ ತಿಂಗಳುಗಟ್ಟಲೆ ಬಚ್ಚಿಟ್ಟುಕೊಂಡೆ. ಅತ್ತೆ ಮಾತ್ರ ಕೊರಗಿ ಕೊರಗಿ ಅರ್ಧವಾದರು. ತನಗೆ ಹಿಡಿದ ಔಷಧಿ ತಂಗಿಗೆ ಯಾಕೆ ಹಿಡಿಯಲಿಲ್ಲ, ಒತ್ತಾಯ ಮಾಡಿ ತಾನೇ ಕೊಂದೆನೇನೋ ಎಂದು ಊಟದ ತಟ್ಟೆಯ ಮುಂದೆ ಅಳುತ್ತಿದ್ದರು. ಒಂದು ಮಧ್ಯಾಹ್ನ ನನ್ನಿಂದ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅತ್ತೆ ಕೂಗಾಡಲಿಲ್ಲ. ಒಂದೇ ಮಾತು ಕೇಳಿದರು: "ನನಗೆ ಹೇಳಲಿಲ್ಲ, ಇರಲಿ. ಅವಳು ಬಂದು ಕೇಳಿದಳಲ್ಲ, ಅವಳಿಗೂ ಹೇಳಲಿಲ್ಲವಾ?"

ಆವತ್ತಿನಿಂದ ಅವರು ನನ್ನ ಕೈಯಿಂದ ಕಾಫಿಯನ್ನೂ ತೆಗೆದುಕೊಳ್ಳುವುದಿಲ್ಲ. ತಾವೇ ಬೆರೆಸಿಕೊಳ್ಳುತ್ತಾರೆ.

ವಸುಧಾಳ ಮನೆಗೆ ಹೋಗಿ ಅವಳಿಗೂ ಹೇಳಿದೆ. ಅವಳು ನನ್ನನ್ನು ಬಾಗಿಲವರೆಗೆ ಕಳಿಸಲು ಬರಲಿಲ್ಲ. ಬರುವ ತಿಂಗಳು ಚಿಕ್ಕತ್ತೆಯ ವರ್ಷಾಬ್ದಿಕ. ನಾನು ಬರುವುದು ಬೇಡ ಎಂದು ನನ್ನ ಗಂಡನಿಗೆ ಹೇಳಿಕಳಿಸಿದ್ದಾಳೆ. ಹಾಗೆ ಹೇಳುವ ಹಕ್ಕು ಅವಳಿಗಿದೆ. ಅತ್ತೆಯನ್ನು ಆಟೋ ಹತ್ತಿಸಿ, ನಾನು ಇಲ್ಲೇ ಇರುತ್ತೇನೆ.