ಹೂಂ ಎನ್ನದ ಕುರ್ಚಿ

ವಾಷಿಂಗ್ಟನ್ನಿನ ನಮ್ಮ ಕಚೇರಿಯಲ್ಲಿ ಅಧ್ಯಕ್ಷರ ಆದೇಶಗಳನ್ನು ಸಹಿಗೆ ಮೊದಲು ತೂಗಿ ನೋಡುವ ವಕೀಲೆ ಮಿಸೆಸ್ ಟಾಲಿವರ್, ತೆರಿಗೆ, ಖರ್ಚು ಎಂಬ ಮಾತು ಕಂಡೊಡನೆ ಕನ್ನಡಕ ತೆಗೆದು, ಕಿಟಕಿಯಾಚೆ ಮಂಜಿನಲ್ಲಿ ತೇಲುವ ಸಂಸತ್ತಿನ ಬಿಳಿ ಗುಮ್ಮಟವನ್ನು ಕನಸಿನಲ್ಲೆಂಬಂತೆ ನೋಡುತ್ತಾರೆ. "ಬೊಕ್ಕಸದ ಬೀಗದಕೈ ಅಲ್ಲಿದೆ ಕಣ್ರಪ್ಪ, ಅಲ್ಲಿ ಕೇಳ್ಕೊಂಡು ಬನ್ನಿ." "ಸಂಸತ್ತಿನೋರು ಬೇಡ ಅಂದಿಲ್ವಲ್ಲ ಮೇಡಂ?" ಎಂದು ಅಧ್ಯಕ್ಷರ ಕಡೆಯವರು ಗೋಗರೆದರೆ, "ಸುಮ್ನಿದ್ರೆ ಹೂಂ ಅಂದಂಗೇನ್ರೀ?" ಎಂದು ಗದರುತ್ತಾರೆ. ಮನೆಯಲ್ಲೂ ಇದೇ ಸಂವಿಧಾನ: ಒಂದು ಚಮಚ ಕೊಳ್ಳುವುದಕ್ಕೂ ಗಂಡ ಆರ್ವಿಲ್ ಬಾಯಿಬಿಟ್ಟು ಹೂಂ ಎನ್ನಬೇಕು. ಆತ ತೀರಿಕೊಂಡು ವರ್ಷಗಳಾದವು. ಈಗಲೂ ಬೆಳಗಿನ ಕಾಫಿಗೆ ಕುಳಿತು, ಎದುರಿನ ಖಾಲಿ ಕುರ್ಚಿಯನ್ನು ಮೆಲ್ಲಗೆ ಕೇಳುತ್ತಾರೆ: "ಕಿಟಕಿಗೊಂದು ಪರದೆ ತರ್ಲಾ, ಆರ್ವಿಲ್?" ಕುರ್ಚಿ ಸುಮ್ಮನಿರುತ್ತದೆ. ಆ ಕಿಟಕಿಗೆ ಇನ್ನೂ ಪರದೆಯಿಲ್ಲ. ಬಿಸಿಲು ನೇರವಾಗಿ ಬಂದು ಆ ಕುರ್ಚಿಯಲ್ಲಿ ಕೂರುತ್ತದೆ.