ಅರ್ಧ ಕೊಡ

ದೊರೆಯ ಪಿರಮಿಡ್ಡಿಗೆ ಕಲ್ಲೆಳೆಯುವವರ ಮುಂದೆ ಮರಳಿಗೆ ನೀರು ಹೊಯ್ಯುವುದು ಮೆಹುವಿನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ. ಮರಳು ಹದವಾಗಿ ನೆನೆದರೆ ಕಲ್ಲು ಹೇರಿದ ಜಾರುಬಂಡಿ ಸಲೀಸಾಗಿ ಬರುತ್ತದೆ. ಒಣಗಿದ್ದರೆ ಎಳೆಯುವವರ ಹೆಗಲು ಕಿತ್ತು ಬರುತ್ತದೆ. ನೆಲ ನೋಡಿಕೊಂಡೇ ಆಯಸ್ಸು ಕಳೆದವನಿಗೆ, ಗೋರಿ ಎಷ್ಟೆತ್ತರ ಎದ್ದಿದೆಯೆಂದು ಯಾರಾದರೂ ಕೇಳಿದರೆ ಪಕ್ಕದವರ ಮುಖ ನೋಡಬೇಕು.

ಈಗ ಸೊಂಟ ಬಿದ್ದುಹೋಗಿತ್ತು. ಸಾಕಪ್ಪಾ ಎಂದು ಕೂರುವ ಹಾಗಿಲ್ಲ. ತಂಡದಲ್ಲಿದ್ದೇ ಸತ್ತವನಿಗೆ ಮಾತ್ರ ಗುಡ್ಡದ ಇಳಿಜಾರಿನಲ್ಲಿ ಗುಂಡಿ. ಪಟ್ಟಿಯಿಂದ ಹೆಸರು ಹೋದವನು ದೋಣಿ ಹತ್ತಿ ಊರಿಗೆ. ತಂಡಕ್ಕೆ ರೊಟ್ಟಿ ಸುಟ್ಟುಕೊಡುತ್ತಿದ್ದ ಹೆಂಡತಿ ನೆಸಿ ಆ ಇಳಿಜಾರಿನಲ್ಲಿ ಮಲಗಿ ಮೂರು ವರ್ಷ. ಪಕ್ಕದ ಜಾಗಕ್ಕೆ ಮೆಹುವೇ ಕಲ್ಲಿಟ್ಟು ಗುರುತು ಮಾಡಿದ್ದ. ಅಲ್ಲಿಗೆ ಸೇರುವುದೊಂದೇ ಅವನಿಗೆ ಉಳಿದ ಆಸೆ.

ಈ ಸಲ ನದಿಯ ನೆರೆ ಇಳಿದ ಮೇಲೆ ಅದೇಕೋ ಕೊಡ ಹಗುರಾಗಿತ್ತು.

"ಏನಜ್ಜಾ, ಪ್ರಾಯ ತಿರುಗಿ ಬಂತಾ?" ಕಾಲುವೆಯಲ್ಲಿ ಕೊಡ ತುಂಬಿಸಿ ಅವನ ಹೆಗಲಿಗೇರಿಸುತ್ತ ಸೆನೆಜ್ ಕೆಣಕುತ್ತಿದ್ದ. ಹಗ್ಗದ ಮೊದಲ ಸಾಲಿನಾಳು ಅವನು.

"ನಿನ್ನ ಹಂಗೆ ಹೆಂಡ ಕುಡ್ದು ಹೊಟ್ಟೆ ಬೆಳೆಸಿಲ್ಲ ಕಣೋ ನಾನು!"

ನೀರು ಬೇಗ ಮುಗಿಯುತ್ತಿತ್ತು. ಕೈ ನಡುಗಿ ಚೆಲ್ಲುತ್ತಿದೆ ಎಂದುಕೊಂಡು ಮೆಹು ಇನ್ನಷ್ಟು ಕೈ ಬಿಗಿಹಿಡಿದು ಸುರಿದ.

ಇವತ್ತು ತಿರುವಿನಲ್ಲಿ ಬಂಡಿ ಕಚ್ಚಿಕೊಂಡಿತು. "ನೀರು! ನೀರು!" ಎಂದು ಮೇಸ್ತ್ರಿ ಇಪಿ ಅರಚಿದ. ಉಳಿದವರೆಲ್ಲ ಹಗ್ಗಕ್ಕೆ ಬಿದ್ದಿದ್ದರಿಂದ ಮೆಹು ತಾನೇ ಕಾಲುವೆಗೆ ಹೋಗಿ ಕೊಡವನ್ನು ಕಂಠಮಟ್ಟ ತುಂಬಿಸಿದ. ಎತ್ತಿದರೆ ಮೊಣಕಾಲಿನವರೆಗೂ ಬರಲಿಲ್ಲ. ಅರ್ಧ ಚೆಲ್ಲಿ ಎತ್ತಿದ. ದಿನಾ ಹೊರುತ್ತಿದ್ದ ಅದೇ ಭಾರ.

ವಾಪಸು ಬಂದವನೇ ಸೆನೆಜ್‌ನ ಹೆಗಲು ನೋಡಿದ. ಹಗ್ಗ ಉಜ್ಜಿ ಚರ್ಮ ಸುಲಿದು ಮಾಂಸ ಕಾಣುತ್ತಿತ್ತು. ಹಿಂದಿನವನದೂ ಹಾಗೆಯೇ.

"ಯಾಕ್ರೋ ಹಿಂಗ್ ಮಾಡಿದ್ರಿ?"

"ನೆಸಜ್ಜಿ ರೊಟ್ಟಿ ತಿಂದೋರಲ್ವಾ ನಾವು? ಸುಮ್ನೆ ನಡಿ ಅಜ್ಜಾ."

ಮೆಹುವಿಗೆ ಸಿಟ್ಟು, ನಾಚಿಕೆ, ಅಳು ಎಲ್ಲ ಒಟ್ಟಿಗೇ ಬಂದವು. ಸಂಜೆ ಇಪಿಯ ಮುಂದೆ ಹೋಗಿ ನಿಂತ.

"ನನ್ನ ಹೆಸರು ತೆಗೆದುಬಿಡಿ, ಮೇಸ್ತ್ರಿ."

"ಗುಂಡಿ ಸಿಗಲ್ಲ ಮೆಹು, ಗೊತ್ತಲ್ಲ?"

"ಗೊತ್ತು. ಆ ಜಾಗ ಸೆನೆಜ್‌ಗೆ ಇರ್ಲಿ."

ಮರುದಿನ ದೋಣಿ ಹತ್ತುವ ಮುಂಚೆ ಮೆಹು ಏದುಸಿರು ಬಿಡುತ್ತ ಇಳಿಜಾರು ಹತ್ತಿ, ನೆಸಿಯ ಗುಂಡಿಯ ಮುಂದೆ ಅರ್ಧ ಕೊಡ ನೀರು ಸುರಿದ.

"ನಿನ್ನ ಪಕ್ಕಕ್ಕೆ ಸೆನೆಜ್ ಬರ್ತಾನೆ ಕಣೇ. ಅದಕ್ಕಿನ್ನೂ ಬೇಕಾದಷ್ಟು ವರ್ಷ ಇದೆ ಬಿಡು. ಒಳ್ಳೆಯವ್ನೇ, ಗೊರಕೆ ಮಾತ್ರ ಜಾಸ್ತಿ."

ಸ್ವಲ್ಪ ಹೊತ್ತು ಕೂತಿದ್ದು, ಮಿಕ್ಕ ಅರ್ಧ ತರಲು ಮತ್ತೆ ಕೆಳಗಿಳಿದ.