ತಾಂಡೂರಿನಲ್ಲಿ ಹಾಕದ ಸಹಿ

ಬೆಳಿಗ್ಗೆ ನೆಲ ಒರೆಸಿದೆ, ನೀರು ಸೋಸಿಟ್ಟೆ, ರೊಟ್ಟಿ ಬಡಿದೆ, ಆರನೇ ತರಗತಿಗೆ ಭಿನ್ನರಾಶಿ ಹೇಳಿಕೊಟ್ಟೆ. ಸಂಜೆ ಅಂಚೆ ಕಚೇರಿಗೆ ಹೋಗಿ ಮಗಳ ಹೆಸರಿನ ಆರ್‌ಡಿ ಕಟ್ಟಿ ಬಂದೆ. ಒಣಗಿದ ಸೀರೆಯ ಮೇಲಿನ ಕಲ್ಲುಗಣಿಯ ಬಿಳಿ ಧೂಳು ಕೊಡವಿ ಮಡಚಿಟ್ಟೆ. ಈ ಧೂಳು ನಮ್ಮೂರಲ್ಲಿ ಇರಲಿಲ್ಲ.

ತಾಂಡೂರಿನ ಶಾಲೆಗೆ ವರ್ಗವಾಗಿ ಬಂದ ದಿನ ನನ್ನನ್ನು ಬೆಚ್ಚಿಸಿದ್ದು ಇಲ್ಲಿಯ ಕಲ್ಲು. ನಮ್ಮ ನ್ಯಾಲ್ಕಲ್ ಕಡೆ ಬಂಡೆ ಎಂದರೆ ಅಡುಗೆಮನೆಯ ಕಟ್ಟೆಗೆ ಹಾಸುವುದು. ಇಲ್ಲಿ ನೆಲವೂ ಬಂಡೆ, ಗೋಡೆಯೂ ಬಂಡೆ, ಹೊಲದ ಬೇಲಿಯೂ ಸಾಲಾಗಿ ನಿಲ್ಲಿಸಿದ ಬಂಡೆ. ಬಾಡಿಗೆ ಕೋಣೆಯಲ್ಲಿ ನನ್ನ ಬಳೆಯ ಸದ್ದು ತಿರುಗಿ ನನಗೇ ಕೇಳಿಸುತ್ತದೆ. ಗಂಡ ಊರಲ್ಲಿ ಕಿರಾಣಿ ಅಂಗಡಿ ನೋಡಿಕೊಂಡಿದ್ದಾರೆ. ಮಗಳು ಬೀದರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ.

ತೆಲುಗು ನನಗೆ ಬರುತ್ತದೆ. ಆದರೆ ಸ್ಟಾಫ್ ರೂಮಿನ ನಗು ಯಾರ ಬಗ್ಗೆ ಎಂದು ತಿಳಿಯಲು ಭಾಷೆಯೊಂದೇ ಸಾಲದು. ಆಗ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತವರು ಕನ್ನಡವೂ ಬಲ್ಲ ಸುಜಾತಾ ಮೇಡಂ. ದಿನಾ ಕಾರಂ ಪೊಡಿ ತರುತ್ತಿದ್ದರು; ನಮ್ಮ ಹಿಂಡಿ ಎಂಬ ಚಟ್ನಿಪುಡಿಯಂಥದ್ದೇ, ಬೆಳ್ಳುಳ್ಳಿ ತುಸು ಜಾಸ್ತಿ.

"ಅಕ್ಕಾ, ನಿಮ್ಮ ರೊಟ್ಟಿ ನಮ್ಮೂರ ಬಂಡೆಗಿಂತ ತೆಳ್ಳಗ ಅದ. ಪಾಲಿಷ್ ಹಾಕಿ ಮಾರ್ರಿ," ಎನ್ನುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಡಬ್ಬಿ ಮುಚ್ಚುತ್ತ ಕೇಳಿದರು: "ಮನಿ ಮ್ಯಾಲ ಸ್ಲ್ಯಾಬ್ ಹಾಕಬೇಕ್ರಿ, ಚೀಟಿ ಎತ್ತೀನಿ. ಜಮಾನತ್‌ಗೆ ನಿಮ್ದೊಂದು ಸಹಿ ಬೇಕು."

ಊರ ಕಡೆಯವರಿಗೆ ಇದು ಹೊಸದಲ್ಲ. ಚೀಟಿ ಎತ್ತಿದವರು ದುಡ್ಡು ಕೈಗೆ ಬರಬೇಕಾದರೆ ಸರ್ಕಾರಿ ಪಗಾರದವರ ಜಾಮೀನು ಕೊಡಬೇಕು. ಅಲ್ಲಿಯೂ ಇಲ್ಲಿಯೂ ಮೇಷ್ಟ್ರುಗಳಿಗೆ ಆ ಸಹಿ ಎಂದರೆ ಚಹಾ ಕೊಟ್ಟ ಹಾಗೆ. ಇಲ್ಲ ಎನ್ನುವುದು ಒಗ್ಗದ ಮಾತು. ನಮ್ಮ ಹಳೆಯ ಶಾಲೆಯಲ್ಲಿ ಒಬ್ಬ ಸರ್ ಕಂತು ನಿಲ್ಲಿಸಿದಾಗ ಸಹಿ ಹಾಕಿದವರೆಲ್ಲರ ಪಗಾರ ಕಡಿತವಾಯಿತು. ಆದರೂ ಆ ಸರ್ ಮಗನ ಮದುವೆಗೆ ಹೋಗಿ ಉಂಡು ಬಂದೆವು. ಅಲ್ಲಿ ಪಗಾರ ಕಡಿತವಾದರೂ ಜೊತೆಗೆ ಜನರಿದ್ದರು. ಇಲ್ಲಿ ನನಗಿದ್ದದ್ದು ಸುಜಾತಾ ಒಬ್ಬರೇ.

ನನ್ನದು ಹೊಸ ಪಿಂಚಣಿ ಯೋಜನೆ. ನಿವೃತ್ತಿಯ ಮೇಲೆ ಎಷ್ಟು ಬರುತ್ತದೋ ಯಾರೂ ಖಾತ್ರಿ ಹೇಳುವುದಿಲ್ಲ. ಆದ್ದರಿಂದ ಪಗಾರ ಬಂದ ದಿನವೇ ಮಗಳ ಫೀಸು, ನನ್ನ ಮುಪ್ಪಿನ ಪಾಲು ಎತ್ತಿಟ್ಟು, ಉಳಿದದ್ದರಲ್ಲಿ ಮನೆ ನಡೆಸುತ್ತೇನೆ.

"ನಿಮ್ಮ ಮ್ಯಾಲ ಅನುಮಾನ ಇಲ್ರಿ," ಎಂದೆ. "ಆದ್ರ ನಿಮ್ಮ ಕಂತು ನನ್ನ ಪಗಾರದಾಗ ಬಿದ್ರ ಮಗಳ ಫೀಸ್ ನಿಲ್ತದ. ಸಹಿ ಆಗಂಗಿಲ್ರಿ."

"ಸಹಿ ಕೇಳೀನ್ರಿ ಅಕ್ಕಾ, ರೊಕ್ಕ ಅಲ್ಲ."

"ಈ ಸಹಿನೂ ರೊಕ್ಕನೇ ಅದರಿ."

ಮರುದಿನ ಅವರ ಕುರ್ಚಿ ಆಚೆ ಗೋಡೆಗೆ ಹೋಯಿತು. ಕೆಟ್ಟವರಲ್ಲ, ಈಗಲೂ ದೂರದಿಂದ "ಊಟ ಆತೇನ್ರಿ?" ಎನ್ನುತ್ತಾರೆ. ನಾನು ಕಿಟಕಿ ನೋಡುತ್ತ ಉಣ್ಣುವುದನ್ನು ಕಲಿತೆ.

ಈ ವಾರ ನಾರಾಯಣಖೇಡದಿಂದ ಶೋಭಾ ಎಂಬ ಹುಡುಗಿ ಹೊಸ ಟೀಚರಾಗಿ ಬಂದಿದ್ದಾಳೆ. ಇವತ್ತು ಪೊಡಿಯ ಡಬ್ಬಿ ಅವಳ ಮುಂದಿತ್ತು. ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ನನ್ನನ್ನು ತಡೆದಳು.

"ಅಕ್ಕಾ, ಸುಜಾತಾ ಮೇಡಂ ಜಮಾನತ್ ಕೇಳ್ಯಾರ. ಸಹಿ ಹಾಕ್ಲೇನ್ರಿ?"

ಹಾಕಬೇಡ ಎನ್ನಲಿಲ್ಲ. "ಅವ್ರು ಕಟ್ಟಲಿಲ್ಲ ಅಂದ್ರ ನಿನ್ನ ಪಗಾರದಾಗ ಎಷ್ಟು ಕಡೀತಾರ, ಉಳಿದದ್ರಾಗ ನಿನ್ನ ಮನಿ ನಡೀತದೇನ, ಅಷ್ಟು ನೋಡವ್ವ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ನಡ್ಯಂಗಿಲ್ರಿ. ಆದ್ರ ನಾಳಿ ಊಟಕ್ಕ ಯಾರ ಜೋಡಿ ಕೂಡ್ಲಿ?"

ಉಳಿತಾಯದ ಯಾವ ಪಾಠದಲ್ಲೂ ಈ ಪ್ರಶ್ನೆ ಇಲ್ಲ. "ನನ್ನ ಜೋಡಿ ಕೂಡು," ಎಂದೆ. "ಆದ್ರ ನನ್ನ ಪಲ್ಯ ಸಪ್ಪಗ ಇರ್ತದ ಮತ್ತ."

"ಹಂಗಾರ ಹಿಂಡಿ ತರ್ರಿ," ಎಂದು ನಕ್ಕಳು. "ಮೇಡಂಗ ನಾನೇ ಇಲ್ಲ ಅಂತ ಹೇಳ್ತೀನಿ."

ಮನೆಗೆ ಬಂದು ಹಿಂಡಿಗೆಂದು ಶೇಂಗಾ ಹುರಿದು ಕುಟ್ಟಿದೆ, ಇಬ್ಬರಿಗಾಗುವಷ್ಟು. ಆಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆ. ಗಂಡ ಫೋನಿನಲ್ಲಿ, "ಊರಿಗೆ ಯಾವಾಗ ಬರ್ತಿ?" ಎಂದರು. ಶನಿವಾರ ಎಂದೆ. ಅಲ್ಲಿಗೆ ಹೋದರೆ ಅಂಗಾಲು ಬಂಡೆಯ ತಂಪನ್ನು ಹುಡುಕುತ್ತದೆ. ಇಲ್ಲಿ ಇದ್ದಾಗ ಊರ ಮಣ್ಣನ್ನು. ಅದನ್ನೇ ಅವರಿಗೆ ಹೇಳುತ್ತಿದ್ದೆ. ಆ ಕಡೆಯಿಂದ ಗೊರಕೆ ಕೇಳಿತು. ಮೊದಲು ಮಲಗಿದ್ದು ಅವರು, ಅಲ್ಲಿ; ನಾನಿನ್ನೂ ಎಚ್ಚರ, ಇಲ್ಲಿ.